ಅಂಚು ಸಮ ಮಾಡಿಸಿದ ಮಾವ

ನನ್ನ ಸೋದರಮಾವನಿಗೆ ಸೊಟ್ಟಗಿರುವುದನ್ನು ಕಂಡರಾಗದು. ಪುರಸಭೆಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವನು. ಅವನ ಮೇಜಿನ ಪೆನ್ಸಿಲ್ಲೂ ಗೋಡೆಗೆ ನೇರವಾಗಿ ಮಲಗಿರಬೇಕು. ಇನ್ನು ಮೂರು ತಿಂಗಳಿಗೆ ನಿವೃತ್ತಿ. ನಮ್ಮ ಓಣಿಯ ಬುಡಕ್ಕೆ ಕತ್ತರಿ ಹಾಕಿದವನು ಇವನೇ ಎಂದರೆ ಯಾರು ನಂಬುತ್ತಾರೆ?

ರಸ್ತೆ ಅಗಲ ಮಾಡಲು ನಮ್ಮ ಬಾವಿ ಓಣಿಯ ಹದಿನೇಳು ಮನೆ ಕೆಡವುತ್ತೇವೆ ಎಂದು ಪುರಸಭೆಯವರು ಚೀಟಿ ಅಂಟಿಸಿದರು. ಓಣಿ ಒತ್ತುವರಿಯಲ್ಲ, ಹಳೆಯದು ಎಂದು ದಾಖಲೆ ತಂದರೆ ಬಿಡುತ್ತಾರಂತೆ. ಅಮ್ಮ ನಕ್ಕುಬಿಟ್ಟಳು. "ದಾಖಲೆ ಕೋಣೇಲಿ ನನ್ನ ತಮ್ಮನೇ ಇದಾನಲ್ಲ!"

ಬಿಳಿಯರು ಊರಿಗೆ ಬಂದ ಹೊಸತರಲ್ಲಿ ಬರೆಸಿದ ರಿಜಿಸ್ಟರುಗಳು ಅಲ್ಲಿವೆ. ಯಾರ ಮನೆಗೆ ಎಷ್ಟು ಕಿಟಕಿ, ಯಾರ ಕತ್ತೆ ಯಾರ ತೋಟಕ್ಕೆ ನುಗ್ಗಿತು, ಎಲ್ಲ ಇದೆ. ದೊಡ್ಡವರ ಮನೆಗಳು ಪುಟದ ನಡುವೆ, ಗೆರೆ ಎಳೆದ ಅಂಕಣದೊಳಗೆ. ನಮ್ಮಂಥವರನ್ನು ಗುಮಾಸ್ತ ಅಂಚಿನಲ್ಲಿ ಗೀಚುತ್ತಿದ್ದ. ಮೂರು ದಿನ ಸೀನುತ್ತಾ ನಾನೂ ಮಾವನೂ ಪುಟ ತಿರುವಿದೆವು. ಕೊನೆಗೆ ಬಾವಿಯ ಎದುರಿನ ದೊಡ್ಡ ಮನೆ ಸಿಕ್ಕಿತು. ಅದರ ಪಕ್ಕದ ಅಂಚಿನಲ್ಲಿ ಅಕ್ಷರಗಳ ತುಂಡುಗಳಷ್ಟೇ ಉಳಿದಿದ್ದವು, ಸಾಲಿಗೊಂದು. ಎಣಿಸಿದೆ. ಹದಿನೇಳು.

"ಇದೇನ್ ಮಾವ?"

ಮಾವ ಆ ಅಂಚಿನ ಮೇಲೆ ಬೆರಳಾಡಿಸಿದ. "ನಾನು ಕೆಲಸಕ್ಕೆ ಸೇರಿದ ವರ್ಷ ಇವಕ್ಕೆಲ್ಲ ಹೊಸ ರಟ್ಟು ಹಾಕಿಸಿದೆ ಪುಟ್ಟಿ. ಒಂದೊಂದು ಹಾಳೆ ಒಂದೊಂದು ಅಳತೆ ಇತ್ತು. ಅಂಚು ಕತ್ತರಿಸಿ ಸಮ ಮಾಡಿ ಅಂತ ನಾನೇ ಹೇಳಿದ್ದು."

"ಓದದೇನೇ?"

"ಓದಿದ್ದೆ. ಬಾವಿ ಓಣಿ, ಹದಿನೇಳು ಮನೆ ಅಂತ ಇತ್ತು. ಯಾರೋ ಗೀಚಿದ್ದು, ಏನು ಮಹಾ ಅಂದ್ಕೊಂಡೆ."

ನನಗೆ ಮೈಯೆಲ್ಲ ಉರಿಯಿತು. "ಕಾಯೋ ಬೇಲೀನೇ ಹೊಲ ಮೇಯ್ತಲ್ಲ ಮಾವ! ಅದೂ ಸ್ವಂತ ಅಕ್ಕನ ಹೊಲ!"

ಅವನು ಎದುರಾಡಿದ್ದರೆ ಇನ್ನಷ್ಟು ಬೈದು ಹಗುರಾಗುತ್ತಿದ್ದೆ. ಆದರೆ ಅವನು ಒಂದು ಬಿಳಿ ಹಾಳೆ ತೆಗೆದು ಬರೆದ: 'ಈ ಪುಟದ ಅಂಚಿನಲ್ಲಿ ಬಾವಿ ಓಣಿಯ ಹದಿನೇಳು ಮನೆಗಳ ಟಿಪ್ಪಣಿ ಇತ್ತು. ನಾನು ಓದಿದ್ದೇನೆ. ಅದನ್ನು ಕತ್ತರಿಸಿ ಹಾಳು ಮಾಡಿಸಿದವನೂ ನಾನೇ.'

"ನಿವೃತ್ತಿ ಹೊತ್ತಲ್ಲಿ ನಿನ್ನ ಕುತ್ತಿಗೆಗೇ ಬರುತ್ತೆ."

"ಬರ್ಲಿ." ಸಹಿ ಹಾಕಿ ಮುದ್ರೆ ಒತ್ತಿದ. ಮುದ್ರೆ ಸೊಟ್ಟಗೆ ಬಿತ್ತು. ಹಾಗೇ ಬಿಟ್ಟ.

ಅಧಿಕಾರಿ ಅದನ್ನು ಎರಡು ಸಲ ಓದಿ, "ಇಟ್ಟು ಹೋಗಿ, ನೋಡೋಣ" ಎಂದರು. ಆ 'ನೋಡೋಣ' ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಮನೆಗೆ ಬಂದು ನಕಲನ್ನು ಅಮ್ಮನಿಗೆ ಓದಿ ಹೇಳಿದೆ.

"ನಾಳೆ ಇನ್ನೊಂದ್ಸಲ ಹೋಗ್ ಬಾ," ಎಂದಳು. "ಇದನ್ನ ಫೈಲಿಗೆ ಹಾಕೋವಾಗ ಅಂಚು ಸಮ ಮಾಡ್ಬೇಡಿ ಅಂತ ಹೇಳ್ಬಿಟ್ ಬಾ."