ಸಿಂಕಿನ ಕೆಳಗಿನ ಯಂತ್ರ ಮತ್ತು ಕಲ್ಲಂಗಡಿ ದೋಸೆ

ಅಣ್ಣಾ ನಗರದ ನಮ್ಮ ಮನೆಯ ಸಿಂಕಿನ ಕೆಳಗೆ ಅಡಿಗೆಯ ಕಸ ಅರೆಯುವ ಯಂತ್ರ ಕೂರಿಸಿದ ದಿನ, ಅಮ್ಮ ಟಾರ್ಚ್ ಹಿಡಿದು ಅದರೊಳಗೆ ಇಣುಕಿದರು. ಅದರ ಬಾಯಿಯನ್ನು ಕಪ್ಪು ರಬ್ಬರ್ ಮುಚ್ಚಿಕೊಂಡಿತ್ತು, ಬೆಳಕು ಇಳಿಯಲಿಲ್ಲ.

“ಇದರ ಹೊಟ್ಟೆಯಲ್ಲಿ ಎಂತ ಉಂಟು ಅಂತ ಕಾಣುವುದೇ ಇಲ್ಲವಲ್ಲ ಮಗಾ?”

“ಚೂರು ಹೊರಗೆ ಹಾರಬಾರದು ಅಂತ ರಬ್ಬರ್ ಇಟ್ಟದ್ದಮ್ಮ.”

“ಹಾರಬಾರದು ಅಂತಲೋ, ನಮಗೆ ಕಾಣಬಾರದು ಅಂತಲೋ?”

ಯಂತ್ರ ಜೋಡಿಸಿದವನು ಓಡಿಸಿ ತೋರಿಸುತ್ತೇನೆಂದು ತಮಿಳಿನಲ್ಲಿ ಸ್ವಲ್ಪ ಕಸ ಕೇಳಿದ. ಹುಡುಕಿದರೆ ಮನೆಯಲ್ಲಿ ಕಸವೇ ಇಲ್ಲ! ಉಡುಪಿ ಕಡೆಯ ನಮ್ಮ ಅಡಿಗೆಯಲ್ಲಿ ಹೀರೆಸಿಪ್ಪೆ ಚಟ್ನಿಯಾಗುತ್ತದೆ, ಬಾಳೆಕಾಯಿ ಸಿಪ್ಪೆ ಪಲ್ಯವಾಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ನನಗೆ ನಾಚಿಕೆಯಾಯಿತು. ದೋಸೆಗೆಂದು ಅಮ್ಮ ಹೆಚ್ಚಿಟ್ಟಿದ್ದ ಕಲ್ಲಂಗಡಿ ಸಿಪ್ಪೆಯೊಳಗಿನ ಬಿಳಿ ತಿರುಳಿನ ತಟ್ಟೆಯನ್ನು ಮೆಲ್ಲನೆ ಅವನ ಕೈಗಿತ್ತೆ. ಯಂತ್ರ ಒಮ್ಮೆ ಗುರ್ರೆಂದಿತು, ತಟ್ಟೆ ಖಾಲಿಯಾಯಿತು.

“ಅಯ್ಯೋ, ನಾಳೆಯ ದೋಸೆ!” ಎಂದು ಅಮ್ಮ ಓಡಿ ಬಂದರು. “ಕೊಟ್ಟದ್ದು ಯಾರು?”

ಆತ ನನ್ನತ್ತ ನೋಡಿದ.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದೆವು. ಯಂತ್ರ ಈಗಲೂ ಅಲ್ಲೇ ಇದೆ, ಆದರೆ ಕಲ್ಲಂಗಡಿ ತಂದ ದಿನ ಹೆಚ್ಚಿದ ತಿರುಳಿನ ತಟ್ಟೆ ಅಮ್ಮನ ಮಂಚದ ಕೆಳಗಿರುತ್ತದೆ. ನಾನು ಆ ಕೋಣೆಗೆ ಕಾಲಿಟ್ಟರೆ ಸಾಕು, “ಎಂತ ಬೇಕಿತ್ತು ನಿನಗೆ?” ಎಂಬ ಪ್ರಶ್ನೆ ಬರುತ್ತದೆ.