ಮೌನದ ದಿನ ಮಾತಾಡಿದ ಕಾಕಾ

ಗೆಳೆಯರೇ, ಇವತ್ತು ನಮ್ಮ ಉಣಕಲ್ ಕಾಲೊನಿ ಸಂಘದ ಅಧ್ಯಕ್ಷರ ಚುನಾವಣೆಗೆ ಆದ ಖರ್ಚು: ಮತಚೀಟಿ ಝೆರಾಕ್ಸಿಗೆ ನೂರಾ ನಲವತ್ತು, ಚಹಾ-ಮಿರ್ಚಿಗೆ ಒಂಬೈನೂರು. ಎಐ ಹೇಳಿದ ಸುಳ್ಳು ಮಾತ್ರ ಪುಕ್ಕಟೆ.

ಬೆಳಿಗ್ಗೆ ಕಾಲೊನಿಯ ವಾಟ್ಸಾಪ್ ಗುಂಪಿಗೆ ಅಭ್ಯರ್ಥಿ ಶಿವಪ್ಪ ಕಾಕಾರ ದನಿ ಬಂತು: "ಶುಭ ಸೋಮವಾರ. ನಾನು ಈಗಷ್ಟೇ ಕಣದಿಂದ ಹಿಂದೆ ಸರಿದೆ." ಕಾಕಾ ನಾವು ಮತದಾನಕ್ಕೆ ಸೇರಿದ್ದಲ್ಲಿಗೆ ಓಡಿ ಬಂದು ಎರಡೂ ಕೈ ಆಡಿಸಿದರು, ಬಾಯಿ ಮಾತ್ರ ಬಿಡಲಿಲ್ಲ. ಕಾಲೊನಿಗೆ ಹೊಸಬರಾದವರು ಅದನ್ನು ವಿದಾಯ ಎಂದುಕೊಂಡರು.

ಆಗ ಅವರ ಎದುರಾಳಿ, ನಿವೃತ್ತ ಶಿಕ್ಷಕಿ ಸುವರ್ಣಾ ಟೀಚರ್ ಎದ್ದರು. "ಇಪ್ಪತ್ತು ವರ್ಷದಿಂದ ಇವರ ಬಾಜೂ ಮನ್ಯಾಗ ಅದೇನಿ. ಸೋಮವಾರ ಸಂಜಿ ಪೂಜಾ ಮುಗಿಯೂತನಕ ಇವರದು ಮೌನ. ಈ ದನಿ ಖೊಟ್ಟಿ ಐತ್ರಿ. ಕಾಕಾರು ಕಣದಾಗ ಅದಾರ."

ನಾನು ಟೀಚರ್ ಪರ ಓಡಾಡಿದವನು. ಮೆಲ್ಲಗೆ ಹೇಳಿದೆ: "ಟೀಚರ್ರ, ಸುಮ್ನ ಕುಂತಿದ್ರ ನೀವ ಅಧ್ಯಕ್ಷರಾಗ್ತಿದ್ರಿ!"

"ಮಷೀನ್ ಕೊಟ್ಟ ಖುರ್ಚಿ ನೀ ಒಯ್ದು ನಿಮ್ಮ ಮನ್ಯಾಗ ಹಾಕ್ಕೋಪಾ."

ಮತದಾನಕ್ಕೆ ಮೊದಲೇ ಟೀಚರ್ ಸಂಘದ ಪುಸ್ತಕದಲ್ಲಿ ನಿಯಮ ಬರೆಸಿದರು: ಯಂತ್ರ ಮಾಡಿದ ದನಿಯ ಮೇಲೆ ಹಾಗೆಂದು ಬರೆದಿರಬೇಕು, ಇನ್ನೊಬ್ಬರ ದನಿ ಕದ್ದವರು ಸ್ಪರ್ಧಿಸುವಂತಿಲ್ಲ. "ಇಲ್ಲಿ ಬಾಜೂ ಮನಿಯಾಕಿ ನಾ ಇದ್ದೆ, ಖರೇ ಹೇಳಿದೆ. ದೊಡ್ಡ ಎಲೆಕ್ಷನ್‌ದಾಗ ಯಾರು ಹೇಳವ್ರು? ಅಲ್ಲಿಗೆ ಕಾನೂನಽ ಬೇಕು."

ಕಾಕಾ ಮೂರು ಮತಗಳಿಂದ ಗೆದ್ದರು. ಸಂಜೆ ಪೂಜೆ ಮುಗಿಸಿ ಬಂದು ಆಡಿದ ಮೊದಲ ಮಾತು: "ಟೀಚರ್ರ, ನನ್ನ ವೋಟು ನಿಮಗ ಹಾಕೇನ್ರಿ."

ಕೊನೆಗೆ ಕಾಕಾರಿಗೆ ಅಧ್ಯಕ್ಷಗಿರಿ, ಕಾಲೊನಿಗೆ ನಿಯಮ, ಟೀಚರ್‌ಗೆ ಎದುರಾಳಿಯ ಮತ. ದನಿ ಕದ್ದವ ಯಾರೋ ಗೊತ್ತಾಗಲಿಲ್ಲ, ಅವನಿಗೆ ಸೊನ್ನೆ. ನನಗೆ ಬೈಗುಳ.