ಬೀಗಿತ್ತಿಯನ್ನು ಕೇಳಲು ಕಲಿತ ಸ್ಪ್ಯಾನಿಷ್

ಮಗಳಿಗೆ ಚೊಚ್ಚಲ ಬಸಿರು. ಅವಳು ಸ್ಪೇನಿನಲ್ಲಿ ಕಾಫಿ ಹುರಿಯುವ ಕಂಪನಿಯೊಂದಕ್ಕೆ ಕೆಲಸಕ್ಕೆಂದು ಹೋಗಿ ಅಲ್ಲಿಯವನನ್ನೇ ಮದುವೆಯಾದವಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ತವರೆಂದರೆ ಗೋಣಿಬೀಡಿನ ಹತ್ತಿರದ ನಮ್ಮ ಮನೆ. ಆದರೆ ಹೆಣ್ಣನ್ನು ಸುಮ್ಮನೆ ಕರೆತರುವಂತಿಲ್ಲ; ತಾಯಿಯಾದವಳು ಬೀಗಿತ್ತಿಯನ್ನು ಖುದ್ದಾಗಿ ಕೇಳಬೇಕು. ನನ್ನ ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ಅಮ್ಮ ಕಳಸದಿಂದ ಬಂದಿದ್ದಾಗ, ಸಂಜೆಯ ಬಸ್ಸು ಹೊರಡುವ ಹೊತ್ತಾಗುವವರೆಗೂ ಅತ್ತೆ ಹೂಂ ಅನ್ನಲಿಲ್ಲ. ಇನ್ನು ಮಗಳ ಬಾಯಲ್ಲೇ ಕೇಳಿಸಿದರೆ ಅದು ಕೇಳಿದ ಲೆಕ್ಕವಲ್ಲ. ಹಾಗಾಗಿ ಫೋನಿನ ಆ್ಯಪ್ ಒಂದರಲ್ಲಿ ಸ್ಪ್ಯಾನಿಷ್ ಕಲಿಯತೊಡಗಿದೆ.

ನನಗೆ ಬೇಕಾದರೆ ಕಿಯೆರೊ, ನಿನಗಾದರೆ ಕಿಯೆರೆಸ್, ಅವಳಿಗಾದರೆ ಕಿಯೆರೆ. ಕಣದಲ್ಲಿ ಹರವಿದ ಕಾಫಿಗೆ ಕೈಯಾಡಿಸುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಬಾಲ ಬದಲಾಗುವುದು ನಮಗೇನೂ ಹೊಸದಲ್ಲ. ನಾವೂ ಬರುತ್ತೇನೆ, ಬರುತ್ತೀಯ, ಬರುತ್ತಾಳೆ ಅನ್ನುವವರೇ. ಸಿಟ್ಟು ತರಿಸಿದ್ದು ನಿಯಮಕ್ಕೆ ಬಗ್ಗದ ಕ್ರಿಯಾಪದಗಳು. ಇರು, ಹೋಗು, ಬಾ, ಹೀಗೆ ದಿನಾ ಬೇಕಾಗುವವೇ ಹೇಳಿದ ಮಾತು ಕೇಳುವುದಿಲ್ಲ, ಮನೆಮಂದಿಯ ಹಾಗೆ. ಗೌರವದಿಂದ ಮಾತಾಡಿಸಬೇಕಾದವರಿಗೆ 'ಅವಳು' ಎನ್ನುವಾಗಿನ ಬಾಲವನ್ನೇ ಹಚ್ಚಬೇಕಂತೆ, ಎದುರಿಗಿದ್ದವರು ಎದುರಿಗೆ ಇಲ್ಲವೇನೋ ಎಂಬಂತೆ. ಇದು ಮಾತ್ರ ನನಗೆ ಹಿಡಿಸಿತು. ಅತ್ತೆಯ ಜೊತೆ ನಾನು ಬಹುಕಾಲ ಹಾಗೆಯೇ ಮಾತಾಡಿದ್ದೇನೆ.

"ಅಸ್ಸಾಮಿನವ್ರು ಆಯ್ತು, ಈಗ ಸ್ಪೇನಿನವ್ರನ್ನ ಕರೆಸ್ತೀರಾ ಅಮ್ಮಾ ಕೊಯ್ಲಿಗೆ?" ಎಂದು ಕಣದ ಹೆಣ್ಣಾಳೊಬ್ಬಳು ಕೇಳಿದಳು. ಬಂದರೆ ಬರಲಿ ಎಂದೆ.

ಒಂದು ಭಾನುವಾರ ರೇಷ್ಮೆ ಸೀರೆಯುಟ್ಟು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೋ ಕಾಲ್ ಮಾಡಿಸಿದೆ. ಬೀಗಿತ್ತಿ ಅವತ್ತು ನನ್ನ ಮಗಳ ಮನೆಗೇ ಬಂದಿದ್ದರು.

"ಪ್ವೆದೆ ವೆನೀರ್ ಮಿ ಇಹಾ ಅ ಮಿ ಕಾಸಾ?" ನನ್ನ ಮಗಳು ನನ್ನ ಮನೆಗೆ ಬರಬಹುದೇ?

ಬೀಗಿತ್ತಿ ಕನ್ನಡಕ ತೆಗೆದರು. ಆಮೇಲೆ ಮಗುವಿಗೆ ಹೇಳುವಷ್ಟು ನಿಧಾನವಾಗಿ, ನನ್ನನ್ನೇಕೆ ಕೇಳುತ್ತೀರಿ, ಅವಳನ್ನು ಕೇಳಿ ಎಂದರು. ಒಂದೊಂದು ಪದವೂ ಅರ್ಥವಾಯಿತು, ಕಲಿತದ್ದರ ಫಲ. ಫೋನು ಮಗಳ ಕೈಗೆ ಹೋಯಿತು.

ಅಲ್ಲಿಯವರೆಗೆ ಅವಳನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ಬರ್ತೀಯೇನೇ?"

"ಇಲ್ಲಮ್ಮ. ನಂಗೆ ಹೆರಿಗೆ ಇಲ್ಲೇ ಆಗ್ಲಿ ಅಂತಿದೆ."

ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿಯಾಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಕಾದಳು.

"ನೀನೇ ಬಾ ಅಮ್ಮ. ಹೆರಿಗೆ ಹೊತ್ತಿಗೆ ನೀನು ಹತ್ರ ಇರ್ಬೇಕು. ಬರ್ತೀಯಾ?"

ರೂಢಿಯಂತೆ ನಾನು ಇವರ ಮುಖ ನೋಡಿದೆ.

"ನನ್ ಮುಖ ಎಂತಕ್ಕೆ ನೋಡ್ತೀಯ ಮಾರಾಯ್ತಿ? ಅವ್ಳು ಕೇಳಿದ್ದು ನಿನ್ನ."

ತೋಟದಲ್ಲಿ ಕೊಯ್ಲು ಇನ್ನೂ ಅರ್ಧ ಬಾಕಿಯಿತ್ತು. "ಬರ್ತೀನಿ" ಎಂದೆ.